ಬಟನ್ನಿಗೆ ತೊಡಿಸಿದ ಬಳೆ

ಬೆಳಗಿನ ಆರು ಗಂಟೆ. ತಗಡಿನ ಛಾವಣಿಯ ಉದ್ದನೆಯ ಷೆಡ್ಡಿನಲ್ಲಿ ಒಂದೇ ಒಂದು ದೀಪ ಉರಿಯುತ್ತಿದೆ. ಅದರ ಕೆಳಗೆ ಕೂತ ಹೆಂಗಸು ಎಡಗೈಯಲ್ಲಿ ಸೈನಿಕರ ಕೈರೇಡಿಯೊ ಹಿಡಿದು, ಬಲಗೈ ಹೆಬ್ಬೆರಳಿನಿಂದ ಅದರ ಪಕ್ಕದ ಕಪ್ಪು ಬಟನ್ ಒತ್ತುತ್ತಿದ್ದಾರೆ. ಟಕ್, ಟಕ್, ಟಕ್. ತುಟಿ ಸದ್ದಿಲ್ಲದೆ ಎಣಿಸುತ್ತಿದೆ. ಇನ್ನೂರಕ್ಕೆ ನಿಲ್ಲಿಸಿ, ಸೆಟ್ಟನ್ನು ಕಿವಿಗೆ ಹಿಡಿದು, ಸಮಾಧಾನವಾದ ಮೇಲೆ ಪಕ್ಕಕ್ಕಿಟ್ಟು ಮುಂದಿನದನ್ನು ಎತ್ತಿಕೊಳ್ಳುತ್ತಾರೆ.

ಸೇನೆಯ ಈ ರಿಪೇರಿ ಷೆಡ್ಡಿನಲ್ಲಿ ಅವರಿಗೆ ಬಟನಕ್ಕ ಎಂದೇ ಹೆಸರು. ಬಟನ್ ಒತ್ತಿದರೆ ಸೈನಿಕನ ಮಾತು ಆಚೆ ಹೋಗಬೇಕು, ಬಿಟ್ಟರೆ ಆಚೆಯವರ ಮಾತು ಕೇಳಬೇಕು. ಇಷ್ಟನ್ನು ನೋಡಿಕೊಳ್ಳುವುದು ಅವರ ಕೆಲಸ. ದಿನಕ್ಕೆ ಇಪ್ಪತ್ತೆಂಟು ಸೆಟ್ಟು, ಒಂದೊಂದಕ್ಕೂ ಇನ್ನೂರು ಒತ್ತು, ಹತ್ತೊಂಬತ್ತು ವರ್ಷ. ಗುಣಿಸಿ ನೋಡುವ ಧೈರ್ಯ ಅವರಿಗಿಲ್ಲ. "ನನ್ನ ಮೊಬೈಲಿಗೆ ಈ ಬೆರಳಿನ ಗುರುತೇ ಸಿಗಲ್ಲ. ಎಲ್ಲಾ ಸವೆದು ನುಣ್ಣಗಾಗಿದೆ. ಯಜಮಾನ್ರ ಬೆರಳಿಟ್ಟೇ ಫೋನ್ ತೆಗೀಬೇಕು," ಎಂದು ಹೆಬ್ಬೆರಳು ತೋರಿಸಿ ನಗುತ್ತಾರೆ. ಯಜಮಾನರು ಶಾಲೆಯ ವ್ಯಾನಿನ ಚಾಲಕರು. ಹೆಂಡತಿಯ ಫೋನಿಗೆ ತಾನೇ ಬೀಗದ ಕೈ ಎಂಬ ಜಂಬ ಅವರಿಗಿದೆ.

ಇಂದು ಮೇಜಿನ ಮೇಲಿರುವ ಹತ್ತು ಸೆಟ್ಟುಗಳು ಮಾಮೂಲಿನವಲ್ಲ. ಅವುಗಳ ಬಟನ್ ಸುತ್ತ ಒಂದು ರಬ್ಬರ್ ಉಂಗುರ ಅಂಟಿಸಿದೆ. ಷೆಡ್ಡಿನವರು ಅದನ್ನು ಬಳೆ ಎನ್ನುತ್ತಾರೆ. ಎಂಟು ಗಂಟೆಗೆ ಅದರ ಪರೀಕ್ಷೆ. ಪಾಸಾದರೆ ಸೇನೆಯ ಇಂಥ ಸೆಟ್ಟುಗಳಿಗೆಲ್ಲ ಬಳೆ ಬರುತ್ತದೆ. ಫೇಲಾದರೆ ಮತ್ತೆ ಅರ್ಜಿ ತರಕೂಡದೆಂದು ಮೇಲಿನವರು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದಾರೆ. ಬಟನಕ್ಕ ರಾತ್ರಿ ನಿದ್ದೆ ಮಾಡಿಲ್ಲ. ಕೇಳಿದರೆ ಗಂಡನ ಗೊರಕೆಯ ಮೇಲೆ ಹಾಕುತ್ತಾರೆ.

ಕಥೆ ಶುರುವಾಗಿದ್ದು ಏಳು ವರ್ಷಗಳ ಹಿಂದೆ. ಕೆಲವು ಸೆಟ್ಟುಗಳು 'ತಾನಾಗಿಯೇ ಮಾತಾಡುತ್ತದೆ' ಎಂಬ ಚೀಟಿ ಹೊತ್ತು ಬರುತ್ತಿದ್ದವು. ಬಿಚ್ಚಿ ನೋಡಿದರೆ ಒಳಗೆ ಯಾವ ದೋಷವೂ ಇಲ್ಲ. 'ಸರಿಯಿದೆ' ಎಂದು ಬರೆದು ವಾಪಸ್ ಕಳಿಸಿದರೆ, ತಿಂಗಳೊಳಗೆ ಅದೇ ಚೀಟಿಯೊಂದಿಗೆ ಅದೇ ಸೆಟ್ಟು ಹಾಜರ್. ಹಳೆ ಹಲ್ಲುಜ್ಜುವ ಬ್ರಷ್ಷಿನಿಂದ ಮಣ್ಣು ತೆಗೆಯುವಾಗ ಅವರ ಕಣ್ಣಿಗೆ ಒಂದು ವಿಷಯ ಬಿತ್ತು. ಅಂಥ ಸೆಟ್ಟುಗಳ ಬಟನ್ನಿನ ಮೇಲೆಲ್ಲ ನೆಲಕ್ಕೆ ಉಜ್ಜಿದ ಗೀರು. ಸೆಟ್ಟು ತಂದಿದ್ದ ಸೈನಿಕನನ್ನು ಅಲ್ಲೇ ಷೆಡ್ಡಿನ ನೆಲದ ಮೇಲೆ ಬೋರಲು ಮಲಗಿಸಿಯೇಬಿಟ್ಟರು. ಎದೆಯ ಚೀಲದಲ್ಲಿದ್ದ ಸೆಟ್ಟಿನ ಬಟನ್ ನೆಲಕ್ಕೆ ಒತ್ತಿಕೊಂಡಿತು.

"ಒಬ್ರು ಬಟನ್ ಒತ್ತಿದ್ರೆ ಉಳಿದವರೆಲ್ಲ ಬಾಯಿ ಮುಚ್ಕೊಂಡಿರ್ಬೇಕು, ಅದು ಸೆಟ್ಟಿನ ನಿಯಮ. ಇವನು ಪಾಪ ಮಾತಾಡ್ತಾನೂ ಇಲ್ಲ, ಸುಮ್ನೆ ಮಲಗಿದಾನೆ. ಆದ್ರೂ ಬೇರೆಯವರ ಬಾಯಿಗೆ ಬೀಗ. ಯಾರಿಗೋ ಏಟು ಬಿದ್ದು ಕೂಗಿದ್ರೂ ಕೇಳಲ್ಲ," ಎನ್ನುವಾಗ ಅವರ ಮುಖದಲ್ಲಿ ನಗು ಇರುವುದಿಲ್ಲ.

ಮೊದಲ ಬಳೆ ತಯಾರಾಗಿದ್ದು ಮನೆಯ ಕುಕ್ಕರಿನ ಗ್ಯಾಸ್ಕೆಟ್ ಕತ್ತರಿಸಿ. ಎರಡು ದಿನ ಕುಕ್ಕರ್ ಕೂಗದೆ ಮನೆಯವರು ಅರೆಬೆಂದ ಅನ್ನ ತಿಂದರು. ಉಪಾಯ ಸರಳ: ಬಳೆ ಬಟನ್ನಿಗಿಂತ ಕೂದಲೆಳೆಯಷ್ಟು ಎತ್ತರ. ನೆಲಕ್ಕೆ ಬಟನ್ ಸಿಗುವುದಿಲ್ಲ, ಬೆರಳಿಗೆ ಸಿಗುತ್ತದೆ. ಆದರೆ ಕೈಗವಸು ಹಾಕಿದ ಬೆರಳು ಒಳಗೆ ಹೋಗುವುದಿಲ್ಲವೆಂದು ಮೊದಲ ಅರ್ಜಿ ವಾಪಸಾಯಿತು. ಅದು ನ್ಯಾಯವೇ ಎಂದು ಒಪ್ಪಿ ಬಳೆ ಅಗಲ ಮಾಡಿದರು. ಎರಡನೆಯ ಅರ್ಜಿಗೆ ಉತ್ತರವೇ ಇಲ್ಲ. ಮೂರನೆಯದಕ್ಕೆ ಆವರಣದ ದೊಡ್ಡ ಸಾಹೇಬರಿಂದ ಬಂದ ಉತ್ತರ: ರಿಪೇರಿಯವರು ರಿಪೇರಿ ಮಾಡಿದರೆ ಸಾಕು.

ಆ ಉತ್ತರ ಬಂದ ದಿನವೇ ಎಡವಟ್ಟಾಯಿತು. ಬಟನಕ್ಕನ ಎದುರು ಬ್ಯಾಟರಿ ಚಾರ್ಜು ಮಾಡುವವರು ಅವರ ಸ್ವಂತ ನಾದಿನಿ. ಊಟದ ಹೊತ್ತಿಗೆ ಬಟನಕ್ಕ ನಾದಿನಿಯ ಮುಂದೆ ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಕಕ್ಕಿದರು. "ಆ ದೊಡ್ಡ ಸಾಹೇಬ್ರು ಒಂದ್ಸಲ ಹೊಟ್ಟೆ ಮೇಲೆ ಮಲಗಿ ನೋಡ್ಲಿ. ಕುರ್ಚಿ ಮೇಲೆ ಕೂತವರ ಬಟನ್ ನೆಲಕ್ಕೆ ಯಾಕೆ ತಾಗುತ್ತೆ?" ಅಲ್ಲಿಂದ ಮಾತು ಗಂಡನ ಗೊರಕೆಗೆ ಹೊರಳಿತು. ತನ್ನಣ್ಣ ಚಿಕ್ಕಂದಿನಿಂದಲೂ ಹಾಗೇ ಎಂದು ನಾದಿನಿ ಸಾಕ್ಷಿ ಹೇಳಿದರು. ಹನ್ನೊಂದು ನಿಮಿಷ ಹೀಗೇ ನಡೆಯಿತು. ಪರೀಕ್ಷೆಗಿಟ್ಟಿದ್ದ ಸೆಟ್ಟೊಂದರ ಬಟನ್ ಮೇಲೆ ಬಟನಕ್ಕನ ಊಟದ ಡಬ್ಬಿ ಕೂತಿದ್ದದ್ದು ಇಬ್ಬರಿಗೂ ಗೊತ್ತಿರಲಿಲ್ಲ. ಮಾತೆಲ್ಲ ಆವರಣದ ಪ್ರತಿ ಸೆಟ್ಟಿನಲ್ಲೂ ಮೊಳಗಿತು, ದೊಡ್ಡ ಸಾಹೇಬರ ಮೇಜಿನ ಮೇಲಿದ್ದದ್ದರಲ್ಲಿಯೂ. ನಿಲ್ಲಿಸಿ ಎಂದು ಕೂಗಲು ಅವರು ಎಷ್ಟು ಸಲ ಬಟನ್ ಒತ್ತಿದರೂ ಮಾತು ಆಚೆ ಹೋಗಲಿಲ್ಲ. ಹೋಗುವುದು ಹೇಗೆ?

ಕೊನೆಗೆ ಸಾಹೇಬರು ನಡೆದುಕೊಂಡೇ ಷೆಡ್ಡಿಗೆ ಬಂದರು. ಸಾಹೇಬರು ಡಬ್ಬಿ ಎತ್ತಿ, ಕೆಳಗಿದ್ದ ಸೆಟ್ಟು ನೋಡಿದರು. "ಆ ಬಳೆ ತೋರಿಸಿ," ಎಂದರು. "ಕೆಲಸ ಹೋಯ್ತು ಅಂದ್ಕೊಂಡೆ. ಅತ್ತಿಗೆ ಜೊತೆ ನಂದೂ ಹೋಯ್ತು ಅಂತ," ಎಂದು ನಾದಿನಿ ಇವತ್ತಿಗೂ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ.

ಎಂಟು ಗಂಟೆ. ಷೆಡ್ಡಿನ ಹಿಂದಿನ ಜಲ್ಲಿಕಲ್ಲಿನ ಬಯಲಿನಲ್ಲಿ ಕೈಗವಸು ತೊಟ್ಟ ಹತ್ತು ಮಂದಿ ಸೈನಿಕರು ಬೋರಲು ಮಲಗಿದ್ದಾರೆ. ಒಂದು ಗಂಟೆ ತೆವಳಬೇಕು, ಹೊರಳಬೇಕು. ಬೇಕೆಂದು ಒತ್ತದ ಹೊರತು ಒಂದು ಸೆಟ್ಟೂ ಉಸಿರೆತ್ತಬಾರದು. ಮೇಜಿನ ಮೇಲಿನ ಸ್ಪೀಕರಿಗೆ ಕಿವಿಗೊಟ್ಟು ಸಾಹೇಬರು ಕೂತಿದ್ದಾರೆ. ಬಟನಕ್ಕ ನಿಂತೇ ಇದ್ದಾರೆ, ನಾದಿನಿಯ ಕೈ ಹಿಡಿದು.

ಹತ್ತು ನಿಮಿಷ, ಏನೂ ಇಲ್ಲ. ಅರ್ಧ ಗಂಟೆ, ಏನೂ ಇಲ್ಲ. ಜಗತ್ತಿನಲ್ಲಿ ಇಷ್ಟು ಸಂತೋಷ ಕೊಡುವ ಮೌನವೂ ಇರುತ್ತದೆ ಎಂದು ಬಟನಕ್ಕನಿಗೆ ಗೊತ್ತಿರಲಿಲ್ಲ. ಐವತ್ತೊಂಬತ್ತನೆಯ ನಿಮಿಷಕ್ಕೆ ಸ್ಪೀಕರ್ ಖರ್ ಎಂದಿತು. ಸಾಹೇಬರು ಪೆನ್ನು ಕೈಗೆತ್ತಿಕೊಂಡರು.

"ಸಾರ್," ಎಂದಿತು ಒಂದು ಸಣ್ಣ ದನಿ. "ನಾನು ಬೇಕಂತಲೇ ಒತ್ತಿದ್ದು. ಇರುವೆ ಗೂಡಿನ ಮೇಲೆ ಮಲಗಿದೀನಿ. ಜಾಗ ಬದಲಾಯಿಸಬಹುದಾ?"

ಸಾಹೇಬರು ಪೆನ್ನನ್ನು ಹಾಗೇ ಹಿಡಿದು ತಮ್ಮ ಸೆಟ್ಟಿನಲ್ಲಿ ಕೇಳಿದರು, "ಕೈಗವಸು ಹಾಕಿದೀಯಾ?"

"ಹಾಕಿದೀನಿ ಸಾರ್. ಅದರೊಳಗೂ ಇರುವೆ ಇದೆ."

ನಾದಿನಿ ಮೊದಲು ನಕ್ಕರು, ಆಮೇಲೆ ಇಡೀ ಷೆಡ್ಡೇ ನಕ್ಕಿತು. ಕೈಗವಸಿನ ಬೆರಳೂ ಒಳಗೆ ಹೋಯಿತು, ನೆಲವೂ ಹೊರಗುಳಿಯಿತು. ಗಂಟೆ ತುಂಬಿದೊಡನೆ ಸಾಹೇಬರು ಕಾಗದಕ್ಕೆ ಸಹಿ ಹಾಕಿ, ಬಳೆಗೆ ನಿಮ್ಮ ಹೆಸರಿಡೋಣವೇ ಎಂದು ಕೇಳಿದರು. "ಹೆಸರು ಬರೆದ್ರೆ ಉಜ್ಜಿ ಹೋಗುತ್ತೆ ಸಾರ್. ಬಳೆ ಅಂದ್ರೇನೇ ಸಾಕು. ಮಲಗಿದ ಹುಡುಗ್ರ ಮಾತು ಅವರಿಗೆ ಬೇಕಾದಾಗ ಹೋಗ್ಲಿ, ಅಷ್ಟೇ," ಎಂದರು ಬಟನಕ್ಕ. ಕಣ್ಣು ಒದ್ದೆಯಾಗಿತ್ತು, ಅದನ್ನು ಅವರು ಮುಚ್ಚಿಡಲೂ ಇಲ್ಲ.

ಸಾಹೇಬರು ತಮ್ಮ ಸೆಟ್ಟನ್ನು ಅವರ ಕೈಗಿತ್ತರು. "ಅವತ್ತು ಒತ್ತದೇನೇ ಹನ್ನೊಂದು ನಿಮಿಷ ಮಾತಾಡಿದ್ರಿ. ಇವತ್ತು ಒತ್ತಿ ಮಾತಾಡಿ."

ಹತ್ತೊಂಬತ್ತು ವರ್ಷಗಳಲ್ಲಿ ಅವರು ಸೆಟ್ಟಿನಲ್ಲಿ ಬೇಕೆಂದು ಹೇಳಿದ್ದು ಪರೀಕ್ಷೆಯ 'ಒಂದು, ಎರಡು, ಮೂರು' ಮಾತ್ರ. ಗಂಟಲು ಸರಿಮಾಡಿಕೊಂಡು ಬಟನ್ ಒತ್ತಿದರು.

"ಎದ್ದೇಳ್ರಪ್ಪ, ಸಾಕು. ಮೊದಲು ಆ ಇರುವೆ ಕಡಿಸ್ಕೊಂಡ ಪುಣ್ಯಾತ್ಮ ಏಳ್ಲಿ."

ಬಯಲಿನಲ್ಲಿ ಹತ್ತೂ ಜನ ಮೈ ಕೊಡವಿಕೊಂಡು ಎದ್ದು ನಿಂತರು. ಬಟನಕ್ಕ ಹೆಬ್ಬೆರಳು ತೆಗೆದು, ಬಟನ್ ಸರಿಯಾಗಿ ಮೇಲೆ ಬಂತೋ ಇಲ್ಲವೋ ಎಂದು ನೋಡಿಕೊಂಡು, ಆಮೇಲೆ ನಕ್ಕರು.