ಮುಂದೆ ನಡೆದ ಕುಪ್ಪಸ್ವಾಮಿ

ಸೇಲಂನ ಆ ಕೆರೆ ಪಾರ್ಕಿನಲ್ಲಿ ಬೆಳಿಗ್ಗೆ ಆರಕ್ಕೆ ಸೂರ್ಯ ಹುಟ್ಟಲೇಬೇಕೆಂದೇನೂ ಇರಲಿಲ್ಲ. ಕುಪ್ಪಸ್ವಾಮಿಯವರ ಸೀಟಿ ಮಾತ್ರ ಕೇಳಲೇಬೇಕಿತ್ತು. ಅವರು ವಾಕಿಂಗ್ ಸಂಘದ ಅಧ್ಯಕ್ಷರು. ಸಂಘದಲ್ಲಿದ್ದವರು ಹನ್ನೊಂದು ಜನ, ಅವರಲ್ಲಿ ನಾಲ್ವರಿಗೆ ಮೊಣಕಾಲು ಸರಿಯಿಲ್ಲ. ಆದರೂ ಅಧ್ಯಕ್ಷಗಿರಿ ಅಧ್ಯಕ್ಷಗಿರಿಯೇ.

ಪಾಪಿರೆಡ್ಡಿಪಟ್ಟಿ ಕಡೆಯ, ಕನ್ನಡ ಮನೆಮಾತಿನ, ಕುರಿ ಸಾಕುವ ಮನೆಯವರು. ಮೀಸೆ ಬರುವ ತನಕ ಕುರಿಗಳ ಹಿಂದೆ ನಡೆದರು. ಆಮೇಲೆ ಮೂವತ್ತೊಂದು ವರ್ಷ ಟೌನ್ ಬಸ್ಸಿನ ಹಿಂಬಾಗಿಲಲ್ಲಿ ಕಂಡಕ್ಟರಾಗಿ ನಿಂತರು. ಬಾಳೆಲ್ಲ ಹಿಂದೆಯೇ ಕಳೆದವರಿಗೆ ರಿಟೈರಾದ ಮೇಲೆ ಮುಂದೆ ನಡೆಯುವ ಯೋಗ ಬಂದಿತ್ತು. ಬಿಟ್ಟುಕೊಡುತ್ತಾರೆಯೇ?

ಕುರಿ ಮೇಯಿಸುವಾಗ ಅವರಪ್ಪ ಒಂದು ಕಟ್ಟಳೆ ಹಾಕಿದ್ದ: "ಸಂಜೆ ಮಂದೆ ತಿರುಗಿದ್ಮೇಲೆ ಕಾಯೋನು ಮುಂದೆ ನಡೀಬಾರ್ದು ಕಣ್ಲಾ. ಕುಂಟೋದು, ಕಣ್ಣು ಮಂಜಾದ್ದು, ಎಲ್ಲಾ ಇಂದ್ಗಡೇನೇ ಇರ್ತವೆ." ಅಪ್ಪ ಹೋದ, ಮಂದೆಯೂ ಹೋಯಿತು. ಕಟ್ಟಳೆಯನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ?

ಹೆಂಡತಿ ಮಾದಮ್ಮನಿಗೆ ಎರಡು ವರ್ಷದಿಂದ ಮರೆವು. ಮೊದಲು ಒಲೆ ಆರಿಸುವುದು ಮರೆಯಿತು, ಆಮೇಲೆ ಮೊಮ್ಮಕ್ಕಳ ಹೆಸರು, ಕೊನೆಗೆ ತಮಿಳು. ನಲವತ್ತು ವರ್ಷ ಸೇಲಂ ಸಂತೆಯಲ್ಲಿ ತಮಿಳಿನಲ್ಲೇ ಚೌಕಾಸಿ ಮಾಡಿದ ಬಾಯಲ್ಲಿ ಹುಟ್ಟೂರಿನ ಕನ್ನಡವೊಂದೇ ಉಳಿಯಿತು. ಡಾಕ್ಟರು, "ದಿನಾ ನಡೆಸಿ, ಕೈ ಹಿಡಿದುಕೊಂಡು ನಡೆಸಿ" ಎಂದಿದ್ದರು. ಕುಪ್ಪಸ್ವಾಮಿಯವರ ಕಿವಿಗೆ ಮೊದಲರ್ಧವಷ್ಟೇ ಬಿತ್ತು. ಅಧ್ಯಕ್ಷರಾದವರು ಹೆಂಡತಿಯ ಕೈ ಹಿಡಿದು ನಡೆಯುವುದುಂಟೇ? "ಮಾದೀ, ನನ್ ಇಂದೇನೇ ಬಾ" ಎಂದು ಸೀಟಿ ಊದಿ ಹೊರಡುತ್ತಿದ್ದರು. ಆಕೆ ಬರುತ್ತಿದ್ದಳು.

ಆ ದಿನ ರಾಜಗೋಪಾಲ್ ಎಂಬ ಹೊಸ ಸದಸ್ಯರಿಗೆ, ನಡೆಯುವಾಗ ಕೈ ಹೇಗೆ ಬೀಸಬೇಕೆಂದು ಅಧ್ಯಕ್ಷರು ಪಾಠ ಹೇಳುತ್ತಿದ್ದರು. ಪಾಠದಲ್ಲಿ ಎರಡು ತಿರುವು ಕಳೆದವು. ಮೂರನೆಯದರಲ್ಲಿ ಯಾರೋ, ಮಾದಮ್ಮ ಕಾಣಿಸುತ್ತಿಲ್ಲವೆಂದು, "ತಲೈವರೇ, ಅಮ್ಮಾವ ಕಾಣೋಮೇ?" ಎಂದರು.

ತಿರುಗಿ ನೋಡಿದರೆ ದಾರಿ ಖಾಲಿ.

ಕುಪ್ಪಸ್ವಾಮಿ ಉಸಿರೆಲ್ಲ ಕೂಡಿಸಿ ಸೀಟಿ ಊದಿದರು. ಸಂಘದವರೆಲ್ಲ, ಕಲಿಸಿದ್ದ ಹಾಗೆಯೇ, ಶಿಸ್ತಾಗಿ ನಿಂತರು. ಬರಬೇಕಾದವಳು ಬರಲಿಲ್ಲ.

ಅರ್ಧ ಗಂಟೆ ಹುಡುಕಿದ ಮೇಲೆ ಕಂಡಳು. ಕೆರೆಯ ಆಚೆ ದಡದಲ್ಲಿ, ಮೆಟ್ಟಿಲು ಮುರಿದ ಕಡೆ, ಜೊಂಡಿನ ನಡುವೆ ಸೊಂಟದಷ್ಟು ನೀರಿನಲ್ಲಿ ನಿಂತಿದ್ದಳು. ದಡದಿಂದ ವಾಚ್‌ಮನ್ ಪಳನಿಯಪ್ಪನ್, "ಮೇಲ ವಾಂಗಮ್ಮಾ! ಉಂಗ ಪೇರ್ ಎನ್ನ?" ಎಂದು, ಮೇಲೆ ಬಂದು ಹೆಸರು ಹೇಳುವಂತೆ ತಮಿಳಿನಲ್ಲಿ ಕೂಗುತ್ತಿದ್ದ. ಒಂದು ಮಾತೂ ತಿಳಿಯದೆ, ಅವನು ಕೂಗಿದಾಗೆಲ್ಲ ಆಕೆ ಹೆದರಿ ಒಂದೊಂದು ಹೆಜ್ಜೆ ಹಿಂದೆ ಇಡುತ್ತಿದ್ದಳು. ನೀರು ಎದೆಗೆ ಬಂತು.

ಕುಪ್ಪಸ್ವಾಮಿ ಶೂ ಸಮೇತ ಕೆರೆಗೆ ಇಳಿದರು. "ಮಾದೀ, ಅಲ್ಲೇ ನಿಂತ್ಕೊ! ಕೈ ಕೊಡು!"

ಆಕೆಯ ಮುಖ ಅರಳಿತು. "ಅಯ್ಯೋ, ನಮ್ ಮಾತಾಡ್ತೀಯಲ್ಲಣ್ಣ! ಯಾರ ಪೈಕಿ ನೀನು?"

"ನಾನು ಕಣೇ. ನಿನ್ ಗಂಡ."

ಆಕೆ ಅವರನ್ನೂ ಕತ್ತಿನ ಸೀಟಿಯನ್ನೂ ನಿಧಾನವಾಗಿ ನೋಡಿದಳು. "ನೀನಲ್ಲ. ಅವ್ರು ಮುಂದೆ ಓಗವ್ರೆ. ಯಾವಾಗ್ಲೂ ಮುಂದೇನೇ ಓಗ್ತಾರೆ. ಒಸಿ ಕರೀತೀಯಾ ಅಣ್ಣಾ?"

ಕುಪ್ಪಸ್ವಾಮಿ ನೀರಿನಲ್ಲಿ ಇನ್ನೊಂದು ಹೆಜ್ಜೆ ಇಟ್ಟು ಆಕೆಯ ಕೈ ಹಿಡಿದುಕೊಂಡರು. ದಡದಲ್ಲಿ ಹತ್ತು ಜನ ನೋಡುತ್ತಿದ್ದರು.

ಹನ್ನೆರಡು ದಿನ ಆಸ್ಪತ್ರೆಯಲ್ಲಿದ್ದು ಮಾದಮ್ಮ ಬದುಕಿ ಬಂದಳು. ಆದರೆ ಗಂಡನ ಮುಖ ಆ ನೀರಿನಲ್ಲೇ ಉಳಿಯಿತು. ಅದಿನ್ನು ವಾಪಸು ಬರುವುದಿಲ್ಲ ಎಂದರು ಡಾಕ್ಟರು. ಆ ಮಾತನ್ನು ಕುಪ್ಪಸ್ವಾಮಿ ಪೂರ್ತಿ ಕೇಳಿಸಿಕೊಂಡರು.

ಈಗ ಸೀಟಿ ರಾಜಗೋಪಾಲರ ಕತ್ತಿನಲ್ಲಿದೆ. ಕೈಯನ್ನೂ ಚೆನ್ನಾಗಿ ಬೀಸುತ್ತಾರೆ. ಸಂಘದವರು ನಡಿಗೆ ಮುಗಿಸಿ ಹೋದ ಮೇಲೆ, ಬಿಸಿಲು ಏರುವ ಹೊತ್ತಿಗೆ, ಮಾದಮ್ಮ ಕೆರೆ ಸುತ್ತುತ್ತಾಳೆ. ಗೊತ್ತಿಲ್ಲದ ಗಂಡಸಿಗೆ ಆಕೆ ಕೈ ಕೊಡುವುದಿಲ್ಲ. ಹಾಗಾಗಿ ಕುಪ್ಪಸ್ವಾಮಿ ಎರಡು ಹೆಜ್ಜೆ ಹಿಂದೆ ನಡೆಯುತ್ತಾರೆ, ಕಂಕುಳಲ್ಲಿ ಕೋಲು.

ಮೊನ್ನೆ ಆಕೆ ಸರಕ್ಕನೆ ತಿರುಗಿದಳು. "ಏನಣ್ಣ, ದಿನಾ ನನ್ ಇಂದೇನೇ ಬತ್ತೀಯ?"

"ಕುರಿ ಕಾಯ್ತಾ ಇವ್ನಿ."

"ಎಷ್ಟವೆ?"

"ಒಂದೇ ಉಳ್ದೈತೆ."

"ಒಂದ್ ಕುರಿಗೆ ಒಬ್ಬಾಳಾ!" ಮಾದಮ್ಮ ಸೆರಗು ಬಾಯಿಗಿಟ್ಟು ನಕ್ಕಳು. ಆಮೇಲೆ ಮುಂದಿನ ದಾರಿಯನ್ನು ದಿಟ್ಟಿಸಿ ನೋಡಿದಳು. "ಎಂಗೂ ಕೆಲ್ಸ ಇಲ್ದೋನು ನೀನು. ನಮ್ಮವ್ರು ಎಲ್ಲಾದ್ರೂ ಸಿಕ್ರೆ, ಒಸಿ ನಿಂತ್ಕೊಳಾಕೆ ಹೇಳು."