ಕಿಡಿಯ ಹೊತ್ತು ನೋಡುವ ದೀಪ

ಯಂತ್ರಗಳ ವಿಷಯದಲ್ಲಿ ನನಗೊಂದು ದೌರ್ಬಲ್ಯವಿದೆ. ಪೆಟ್ಟಿಗೆ ಚೆನ್ನಾಗಿದ್ದರೆ ಒಳಗಿನ ಯಂತ್ರವೂ ಚೆನ್ನಾಗಿರುತ್ತದೆಂದು ನಂಬಿಬಿಡುತ್ತೇನೆ. ಕಾರಿನ ಎಂಜಿನ್ನಿನ ಟೈಮಿಂಗ್ ನೋಡುವ ದೀಪವನ್ನು ಆರಿಸಿದ್ದೂ ಹಾಗೆಯೇ. ಬೆಂಗಳೂರಿನ ಅಂಗಡಿಯವನು ಎರಡು ದೀಪ ಮುಂದಿಟ್ಟ. ಒಂದಕ್ಕೆ ದಪ್ಪ ಗಾಜಿನ ಮುಖ, ಮಾರುದ್ದದ ತಂತಿ, ನೋಡಲು ಶುದ್ಧ ಒರಟು. ಇನ್ನೊಂದು ಬೆರಳುದ್ದದ ತೆಳು ಕೊಳವೆ. ಮಲಗಿದ್ದದ್ದು ನೀಲಿ ಮಖಮಲ್ಲಿನ ಮೇಲೆ. ಯಾವುದನ್ನು ತಂದೆನೆಂದು ನೀವು ಆಗಲೇ ಊಹಿಸಿರುತ್ತೀರಿ.

ಆಗ ಮಹಾರಾಜರ ಕಾಲ. ನಾನು ಕ್ಲೋಸ್‌ಪೇಟೆಯಲ್ಲಿ, ಅಂದರೆ ಈಗಿನ ರಾಮನಗರದಲ್ಲಿ, ವಕೀಲ. ನನ್ನ ಹಳೆಯ ಕಾರು ಸಮತಟ್ಟಾದ ರಸ್ತೆಯಲ್ಲಿ ಪರಮ ಸಾಧು. ಮಾಗಡಿ ದಾರಿಯ ಏರು ಬಂತೆಂದರೆ ಟಣಟಣ ಬಡಿದುಕೊಂಡು ನಿಂತುಬಿಡುತ್ತಿತ್ತು. ನನ್ನ ಹೆಂಡತಿ ಕೆಂಪಮ್ಮನ ತವರು ಮಾಗಡಿ. ಮದುವೆಯಾದಾಗಿನಿಂದ ತವರಿಗೆ ಹೋದಾಗಲೆಲ್ಲ ಅವಳು ಆ ಏರಿನಲ್ಲಿ ಇಳಿದು ಕಾರು ತಳ್ಳಿದ್ದಳು. ಈಗ ಅವಳ ತಂಗಿಯ ಮದುವೆ ಬಂದಿತ್ತು.

“ಮದ್ವೆ ಸೀರೆ ಉಟ್ಕಂಡು ನಾ ತಳ್ಳಾಕಿಲ್ಲ ಕಣ್ರೀ. ಈ ಸಲ ನಿಂತ್ಕತು ಅಂದ್ರೆ ಎತ್ತಿನ ಗಾಡೀಲಿ ಹೋಯ್ತೀನಿ. ಆಮೇಲೆ ಯಾವತ್ತೂ ನಿಮ್ ಕಾರು ಹತ್ತಾಕಿಲ್ಲ,” ಎಂದಳು.

ಅವಳು ಹೇಳಿದ್ದನ್ನು ಮಾಡುವವಳು. ಅವಳಿಲ್ಲದ ಪಕ್ಕದ ಸೀಟನ್ನು ನೆನೆದರೇ ನನಗೆ ಸಂಕಟವಾಯಿತು.

ಕಾರಿನ ಕಾಯಿಲೆ ಒಗ್ಗರಣೆಯ ಕಾಯಿಲೆಯಂಥದೇ. ಎಣ್ಣೆ ಕಾಯುವ ಮೊದಲು ಹಾಕಿದರೆ ಸಾಸಿವೆ ಸಿಡಿಯದು, ತಡವಾದರೆ ಸೀಯುತ್ತದೆ. ಎಂಜಿನ್ನಿನ ಒಳಗಿನ ಕಿಡಿಯೂ ಸರಿಯಾದ ಗಳಿಗೆಗೇ ಹಾರಬೇಕು. ಅದನ್ನು ನೋಡಲೆಂದೇ ಈ ದೀಪ. ಎಂಜಿನ್ನಿನ ಮುಂದೆ ತಿರುಗುವ ರಾಟೆಯ ಮೇಲೆ ಕೊರೆದ ಒಂದು ಗುರುತು, ಪಕ್ಕದಲ್ಲಿ ಒಂದು ಮುಳ್ಳು. ಕಿಡಿ ಹಾರಿದಾಗಲೆಲ್ಲ ದೀಪ ಮಿನುಗುತ್ತದೆ. ಗಿರಗಿರ ಸುತ್ತುವ ಗುರುತು ನಿಂತಂತೆಯೇ ಕಾಣುತ್ತದೆ. ಗುರುತು ಮುಳ್ಳಿನ ನೇರಕ್ಕಿದ್ದರೆ ಸರಿ, ಇಲ್ಲದಿದ್ದರೆ ಕಿಡಿ ಹಂಚುವ ಡಬ್ಬಿಯನ್ನು ಒಂದಿಷ್ಟು ತಿರುಗಿಸಬೇಕು.

ಮಖಮಲ್ಲಿನ ದೀಪ ಹಗಲಿನಲ್ಲಿ ಬೆಳಗಿದರೂ ಒಂದೇ, ಬಿಟ್ಟರೂ ಒಂದೇ. ಕೊನೆಗೆ ಕಾರಿನ ಮೂತಿಯೊಂದಿಗೆ ನನ್ನ ತಲೆಯನ್ನೂ ಸೇರಿಸಿ ಕಂಬಳಿ ಹೊದ್ದೆ. ಶೀತಕ್ಕೆ ಹಬೆ ತೆಗೆದುಕೊಳ್ಳುತ್ತಿದ್ದೇನೆಂದು ತಿಳಿದ ಪಕ್ಕದ ಮನೆಯವರು ಮೆಣಸಿನ ಕಷಾಯ ಕಳಿಸಿದರು. ಕುಡಿದು ಮತ್ತೆ ಕಂಬಳಿಯೊಳಗೆ ತೂರಿದರೆ, ಗುರುತು ಎದ್ದು ಕಾಣಲೆಂದು ನಾನು ಹಚ್ಚಿದ್ದ ಸೀಮೆಸುಣ್ಣ ಎಲ್ಲೋ ಹಾರಿಹೋಗಿತ್ತು.

ಅಷ್ಟರಲ್ಲಿ ಚನ್ನಪಟ್ಟಣದಿಂದ ಬೊಂಬೆ ಕಡೆಯುವ ಹುಸೇನ್ ಸಾಬರು ತಮ್ಮ ಸಾಮಾನಿನ ಚೀಲದೊಂದಿಗೆ ಬಂದರು. ನನ್ನ ಕಕ್ಷಿದಾರರು, ಬೊಂಬೆಗೆ ಬಣ್ಣದ ಅರಗು ಹಚ್ಚುವುದರಲ್ಲಿ ಎತ್ತಿದ ಕೈ. “ಸೀಮೆಸುಣ್ಣ ಎಲ್ ನಿಂತಾತು ಸ್ವಾಮಿ? ಒಸಿ ಬಿಳೀ ಅರಗು ಹಾಕ್ಬುಡ್ತೀನಿ, ಜನ್ಮಕ್ಕೂ ಹೋಗಾಕಿಲ್ಲ,” ಎಂದರು. ಓಡುತ್ತಿದ್ದ ಎಂಜಿನ್ನನ್ನು ಅವರ ಕೈಗೊಪ್ಪಿಸಿ ನಾನು ಕಾಫಿಗೆ ಹೋದೆ.

ಬಂದು ದೀಪ ಹಿಡಿದರೆ, ಆಹಾ! ಮುಳ್ಳಿನ ನೇರಕ್ಕೇ ಬಿಳಿ ಗುರುತು. ಪರೀಕ್ಷೆಗೆಂದು ಡಬ್ಬಿಯನ್ನು ಬಲಕ್ಕೆ ತಿರುಗಿಸಿದೆ, ಗುರುತು ಅಲ್ಲೇ. ಎಡಕ್ಕೆ ತಿರುಗಿಸಿದೆ, ಅಲ್ಲೇ. ಇಷ್ಟು ವಿಧೇಯ ಎಂಜಿನ್ನು ಇಡೀ ಸಂಸ್ಥಾನದಲ್ಲಿಲ್ಲ ಎಂದು ಕಂಬಳಿಯೊಳಗಿಂದಲೇ ಕೂಗಿ ಹೇಳಿದೆ.

ಕೆಂಪಮ್ಮ ಬಂದು ಕಂಬಳಿ ಸರಿಸಿ ತಾನೂ ಬಗ್ಗಿದಳು. “ದೀಪ ಆರ್ಸಿ ಒಸಿ,” ಎಂದಳು. ಆರಿಸಿದೆ. ಗುರುತು ಆಗಲೂ ಇತ್ತು. “ಎಂಜಿನ್ನೂ ನಿಲ್ಸಿ.” ನಿಲ್ಲಿಸಿದೆ. ರಾಟೆಯ ಸುತ್ತ ಬಿಳಿಯ ಬಳೆ! ಸಾಬರು ಅದಕ್ಕೆ ತಾಳೆಗರಿ ಉಜ್ಜಿ ಮೆರುಗು ಬೇರೆ ಕೊಟ್ಟಿದ್ದರು.

“ತಿರ್ಗೋದ್ರ ಮ್ಯಾಗೆ ಅರಗು ಇಟ್ರೆ ಬಳೆ ಆಗ್ದೆ ಇನ್ನೇನಾದಾತು ಸ್ವಾಮಿ? ನಾ ಹುಟ್ಟಿದಾಗ್ಲಿಂದ ಹಂಗೇ ಹಾಕ್ತಿರೋದು,” ಎಂದು ಸಾಬರು ನೊಂದುಕೊಂಡರು. ಕೆಂಪಮ್ಮ ನಗಲು ಶುರುಮಾಡಿದ ಮೇಲೆ ಅವರೂ ನಕ್ಕರು. ಕೊನೆಗೆ ನನಗೂ ಬೇರೆ ದಾರಿಯಿರಲಿಲ್ಲ. ಕೊರೆದ ಗುರುತಿದ್ದಲ್ಲಿ ಉಗುರಗಲದಷ್ಟು ಉಳಿಸಿ ಮಿಕ್ಕಿದ್ದನ್ನೆಲ್ಲ ಅವರು ಉಳಿಯಿಂದ ಕೆರೆದರು. ಈಗ ದೀಪ ನಿಜ ನುಡಿಯಿತು: ಗುರುತು ಮುಳ್ಳಿನಿಂದ ಎರಡು ಬೆರಳು ದೂರವಿತ್ತು. ಡಬ್ಬಿ ತಿರುಗಿಸಿ ನೇರ ಮಾಡಿದೆ. ನೀವೇನಾದರೂ ಇಂಥ ದೀಪ ಕೊಳ್ಳುವುದಾದರೆ ಒರಟಾಗಿರುವುದನ್ನೇ ಕೊಳ್ಳಿ. ಜೊತೆಗೆ ನಿಮ್ಮನ್ನು ನಂಬದವರೊಬ್ಬರನ್ನು ಪಕ್ಕದಲ್ಲಿ ನಿಲ್ಲಿಸಿಕೊಳ್ಳಿ.

ಮದುವೆಯ ಹಿಂದಿನ ದಿನ ಆ ಏರು ಬಂತು. ಕೆಂಪಮ್ಮ ಸೀರೆಯ ನೆರಿಗೆ ಹಿಡಿದು ಬಿಗಿಯಾಗಿ ಕುಳಿತಳು. ಕಾರು ಉಸಿರುಗಟ್ಟಲಿಲ್ಲ, ಬಡಿದುಕೊಳ್ಳಲಿಲ್ಲ, ನೆತ್ತಿಯವರೆಗೆ ಹತ್ತಿಬಿಟ್ಟಿತು. ನಾನು ಹಿಗ್ಗಿ ಮೀಸೆ ಮುಟ್ಟಿಕೊಳ್ಳುವಷ್ಟರಲ್ಲಿ ಅವಳು, “ಒಸಿ ನಿಲ್ಸಿ,” ಎಂದು ಇಳಿದಳು. ಎದುರಿಗೆ ಸಾವನದುರ್ಗ, ಬಿಸಿಲಿಗೆ ಮೈಯೊಡ್ಡಿ ಕುಳಿತಿತ್ತು.

“ಇಲ್ಲಿಂದ ಬೆಟ್ಟ ಇಷ್ಟು ಚೆಂದಾಗಿ ಕಾಣ್ತದೆ ಅಂತ ನಂಗೆ ಗೊತ್ತೇ ಇರ್ನಿಲ್ಲ ಕಣ್ರೀ,” ಎಂದಳು.

ಹೇಗೆ ಗೊತ್ತಾಗಬೇಕು? ಇಷ್ಟು ವರ್ಷ ಅವಳು ಈ ಏರನ್ನು ತಲೆ ತಗ್ಗಿಸಿಯೇ ಹತ್ತಿದ್ದಳು. ಮುಂದೆ ಕುಳಿತು ಚಕ್ರ ಹಿಡಿದವನಿಗೆ ಹಿಂದೆ ತಳ್ಳುವವರ ಮುಖ ಕಾಣುವುದಿಲ್ಲ. ಅದನ್ನು ತೋರಿಸುವ ದೀಪ ಯಾವ ಅಂಗಡಿಯಲ್ಲೂ ಇಲ್ಲ. ನನಗೆ ನಾಚಿಕೆಯೂ ಆಯಿತು, ಹೇಳಲಾರದಷ್ಟು ಸಂತೋಷವೂ ಆಯಿತು. ನಾನೂ ಇಳಿದು ಹೋಗಿ ಅವಳ ಪಕ್ಕದಲ್ಲಿ ನಿಂತೆ. ಎಂಜಿನ್ ಆರಿಸುವ ಧೈರ್ಯ ಮಾತ್ರ ಬರಲಿಲ್ಲ.