ಕೆರೆ ಏರಿಯ ಆಚೆ ಹುಟ್ಟಿದ ಮಗ

ಬೆಳಕು ಹರಿಯುವ ಮುಂಚೆಯೇ ಅಂಜಲೈ ಬಚ್ಚಲಲ್ಲಿ ಕಾಲು ಚಾಚಿ ಕೂತಿದ್ದಾರೆ. ಕಾಲ ಮೇಲೆ ನೆರೆಮನೆಯ ಎಳೆಗೂಸು. ಎಣ್ಣೆ ತಿಕ್ಕಿದ ಬೆನ್ನಿಗೆ ಬಿಸಿನೀರು ಬಿದ್ದದ್ದೇ ತಡ, ಬೀದಿಯೆಲ್ಲ ಎಚ್ಚರಾಗುವಂತೆ ಅಳು. "ಅಳು, ಅಳು. ಆಮೇಲೆ ನಿದ್ದೆ ಚೆನ್ನಾಗಿ ಬರತ್ತೆ," ಎನ್ನುತ್ತಾರೆ. ಇದು ಮುಗಿದರೆ ಇನ್ನೂ ಮೂರು ಮನೆ ಬಾಕಿ.

ಅರವತ್ತರ ಅಂಚಿನ ಈ ಸೂಲಗಿತ್ತಿಯ ತವರು ಪಾಂಡಿಚೇರಿಯ ಮಗ್ಗುಲಲ್ಲಿ, ಕೆರೆ ಏರಿಯ ಈಚೆ. ಮದುವೆಯಾಗಿ ಹೋದದ್ದು ಏರಿಯ ಆಚೆಗೆ; ಗಂಡ ತೀರಿಕೊಂಡ ಮೇಲೆ ಮಗನೊಂದಿಗೆ ಇಲ್ಲೇ ಇದ್ದಾರೆ. ಒಂದು ಕಾಲಕ್ಕೆ ಏರಿಯ ಆಚೆ ಫ್ರೆಂಚರದು, ಈಚೆ ಮದ್ರಾಸಿನದು. ಆಚೆಗೆ ಮದುವೆಯಾಗಿ ಹೋದ ಹೆಣ್ಣುಮಕ್ಕಳು ಚೊಚ್ಚಲ ಹೆರಿಗೆಗೆ ಈಚೆ ತವರಿಗೆ ಬರುತ್ತಿದ್ದರು. ಅದರಿಂದ ಏನಾದೀತೆಂದು ಯಾರಿಗೆ ಗೊತ್ತಿತ್ತು? ಫ್ರೆಂಚರು ಊರು ಬಿಟ್ಟುಕೊಟ್ಟಾಗ, ಆಚೆ ಹುಟ್ಟಿ ಅಲ್ಲೇ ಇದ್ದವರು, ಬೇಡವೆಂದು ಬರೆದುಕೊಡದಿದ್ದರೆ, ಭಾರತೀಯರಾದರು. ಫ್ರೆಂಚ್ ಪ್ರಜೆಗೆ ಈಚೆ ತವರಲ್ಲಿ ಹುಟ್ಟಿದ ಮಗು ಫ್ರೆಂಚ್ ಆಗಿಯೇ ಉಳಿಯಿತು. ಹಾಗಾಗಿ ಎಷ್ಟೋ ಮನೆಗಳಲ್ಲಿ ಈಚೆ ಹುಟ್ಟಿದ ಅಣ್ಣ ಪ್ಯಾರಿಸ್ಸಿನಲ್ಲಿ, ಆಚೆ ಹುಟ್ಟಿದ ತಮ್ಮ ಇಲ್ಲಿ ಗದ್ದೆಯಲ್ಲಿ.

ಫ್ರೆಂಚ್ ಪೌರತ್ವ ಬೇಕಿದ್ದೂ ಹುಟ್ಟಿದ್ದೆಲ್ಲೆಂದು ತೋರಿಸಲು ಪುರಾವೆಯಿಲ್ಲದವರು ಈಗ ಅಂಜಲೈ ಬಾಗಿಲಿಗೆ ಬರುತ್ತಾರೆ. "ಇವನು ಹುಟ್ಟಿದ್ದು ಈಚೆ, ನಾನೇ ಎತ್ಕೊಂಡೆ" ಎಂದು ಇವರು ವಕೀಲರ ಮುಂದೆ ಹೇಳಿದರೆ ಆ ಮಾತು ನಡೆಯುತ್ತದೆ.

ಸ್ವಂತ ಮಗ ತಿರುಕಾಮುವಿನ ಪರವಾಗಿ ಮಾತ್ರ ಇವರು ಹಾಗೆ ಹೇಳಿಲ್ಲ. ಅವನ ಹೆರಿಗೆಗೆ ಅಂಜಲೈಯೂ ತವರಿಗೇ ಬಂದಿದ್ದರು. ಆಗ ಸೂಲಗಿತ್ತಿ ಇವರ ತಾಯಿ, ಅವರಿಗೆ ಜ್ವರ. ಆಚೆಯಿಂದ ಕರೆ ಬಂತು. ತುಂಬು ಬಸುರಿ ಅಂಜಲೈ ತಾವೇ ಹೋದರು. ಆ ಮನೆಯ ಹೆರಿಗೆ ಮಾಡಿಸಿ ಏಳುವಷ್ಟರಲ್ಲಿ ಇವರಿಗೇ ನೋವು. ತಿರುಕಾಮು ಅಲ್ಲೇ ಹುಟ್ಟಿದ. ಅವನ ಮಾಸು ಆ ಮನೆಯ ಹಿತ್ತಿಲ ಬೇವಿನ ಬುಡದಲ್ಲಿದೆ.

"ಏರಿ ದಾಟೋವರೆಗೆ ತಡ್ಕೊಳ್ಳೋಕಾಗ್ಲಿಲ್ವಾ ನಿನಗೆ?" ಎಂದನಂತೆ ಮಗ.

"ನೀನು ತಡ್ಕೊಂಡ್ಯೇನೋ?" ಎಂದರಂತೆ ಇವರು.

ನಗು ಅಲ್ಲಿಗೇ ಮುಗಿಯಿತು. "ಅಜ್ಜಿ ಮನೇಲಿ ಹುಟ್ಟಿದೆ ಅಂತ ಹೇಳಮ್ಮ, ಸಾಕು. ನನ್ನ ಮಕ್ಕಳ ಬಾಳು ಹಸನಾಗತ್ತೆ," ಎಂದು ಅವನು ಅಂಗಲಾಚಿದ. ಅಂಜಲೈ ಒಪ್ಪಲಿಲ್ಲ. ಅವನು ಮಾತು ಬಿಟ್ಟು ವರ್ಷವಾಗುತ್ತ ಬಂತು. ಬಿಡುವ ಮುಂಚೆ, "ನನ್ನ ಮಗಳು ಹೆರೋ ಕೂಸನ್ನ ನೀನು ಮುಟ್ಟಬೇಡ," ಎಂದೂ ಅಂದ. ಆ ಮಗಳೀಗ ಏಳು ತಿಂಗಳ ಬಸುರಿ. ಹೆರಿಗೆಗೆ ಈ ಮನೆಗೇ ಬರುತ್ತಾಳೆ.

"ಕರುಳು ಹಿಂಡತ್ತಪ್ಪಾ," ಎನ್ನುತ್ತಾರೆ ಅಂಜಲೈ, ಮನೆಗೆ ಬಂದು ಜಗಲಿಯಲ್ಲಿ, ಕತೆ ಕೇಳಲು ಬಂದ ನನ್ನ ಪಕ್ಕ ಕೂತು. "ಆದ್ರೆ ಇವನಿಗೋಸ್ಕರ ಒಂದು ಸುಳ್ಳು ಹೇಳಿ ಸಿಕ್ಕಿಬಿದ್ರೆ, ನನ್ನ ಮಾತು ನೆಚ್ಕೊಂಡು ಹೋದೋರ ಗತಿ ಏನು? ನನಗಿನ್ನೇನೂ ಬೇಡ. ಆ ಕೂಸಿಗೆ ನಾನು ಎರೀಬೇಕು, ಅಷ್ಟೇ."

ಅಷ್ಟರಲ್ಲಿ ತಿರುಕಾಮು ತಾಮ್ರದ ಹಂಡೆಯನ್ನು ಹೆಗಲಿಗೇರಿಸಿಕೊಂಡು ಹೊರಗೆ ಬರುತ್ತಾನೆ. ತಾಯಿಯ ಕಡೆ ನೋಡದೆ ನನಗೆ ಹೇಳುತ್ತಾನೆ: "ಸೋರ್ತಿದೆ ಇದು. ಬೆಸುಗೆ ಹಾಕಿಸ್ಕೊಂಡು ಬರ್ತೀನಿ. ಮಗಳ ಕೂಸಿಗೆ ಎರೆಯೋಕೆ ಅಮ್ಮನಿಗೆ ಬೇಕಲ್ಲ."

ಅವನು ಏರಿ ಹತ್ತುವವರೆಗೂ ಅಂಜಲೈ ಅವನ ಬೆನ್ನನ್ನೇ ನೋಡುತ್ತಾರೆ. ಆಮೇಲೆ ಸೆರಗಿನಲ್ಲಿ ಕಣ್ಣು ಒರೆಸಿಕೊಳ್ಳುತ್ತಾರೆ.

"ಅವನನ್ನ ಹೆತ್ತೋಳೂ ನಾನೇ, ಹೊಕ್ಕುಳಬಳ್ಳಿ ಕೊಯ್ದೋಳೂ ನಾನೇ. ಹುಟ್ಟಿದ್ದೆಲ್ಲಿ ಅಂತ ನಾನೇ ಸುಳ್ಳು ಹೇಳಿದ್ರೆ, ಇನ್ಯಾರನ್ನ ಕೇಳ್ತಾನೆ?"